ಮೂರನೇ ಡೌನಿಗೆ ಹೊರಗೆ

ಸಿಡ್ ಗಿಲ್ರಿಯನ್ನು ಮೈದಾನದಿಂದ ಹೊರಗೆ ಕರೆದ ಮೊದಲ ಸಲ, ಕರೆದದ್ದು ತನ್ನನ್ನಲ್ಲ, ಪಕ್ಕದವನನ್ನು ಎಂದೇ ಅವನು ತಿಳಿದುಕೊಂಡ. "ಹೋಗೋ ಮಾರಾಯ, ಕರೀತಿದಾರೆ" ಎಂದು ಪಕ್ಕದವನ ಬೆನ್ನು ತಟ್ಟಿದ್ದೂ ಆಯಿತು. ಪಕ್ಕದವನು ಇವನ ಮುಖ ನೋಡಿದ, ಆಮೇಲೆ ಹುಲ್ಲು ನೋಡಿದ. ಗೆರೆಯಾಚೆ ನಿಂತಿದ್ದ ಮುದುಕ ಕೋಚ್ ಪ್ರೊಕಾಪ್ ಎರಡೂ ಕೈ ಬಾಯಿಗೆ ಇಟ್ಟುಕೊಂಡು, "ಸಿಡ್! ನೀನೇ ಕಣಯ್ಯಾ, ನೀನೇ! ಓಡ್ಬಾ!" ಎಂದು ಅರಚಬೇಕಾಯಿತು. ಸಿಡ್ ಓಡಿ ಬಂದ. ಅವನ ಜಾಗಕ್ಕೆ ಕೀಯಾನ್ ಪೆಟಿಗ್ರೂ ಎಂಬ ಹೊಸ ಹುಡುಗ ಜಿಂಕೆಯ ಹಾಗೆ ನೆಗೆದುಕೊಂಡು ಒಳಗೆ ಹೋದ.

ಅಮೆರಿಕನ್ ಫುಟ್‌ಬಾಲ್ ಆಡುವ ಟಲೀಡೊ ಫೆರಿಮೆನ್ ತಂಡಕ್ಕೆ ಸಿಡ್ ಒಂಬತ್ತು ವರ್ಷದಿಂದ ನಡುವಿನ ಲೈನ್‌ಬ್ಯಾಕರ್. ಎಂದರೆ, ಎದುರಾಳಿ ಚೆಂಡು ಹಿಡಿದು ನಡುಮಧ್ಯದಲ್ಲಿ ನುಗ್ಗಿದರೆ ಅವನನ್ನು ನೆಲಕ್ಕೆ ಕೆಡವುವ ಮನುಷ್ಯ. ಎದೆ ಎನ್ನುವುದು ಬಟ್ಟೆ ಇಡುವ ಬೀರುವಿನಷ್ಟಿತ್ತು. ಕುತ್ತಿಗೆ ಎಲ್ಲಿ ಮುಗಿದು ಭುಜ ಎಲ್ಲಿ ಶುರುವಾಗುತ್ತದೆಂದು ಅವನ ಹೆತ್ತ ತಾಯಿಗೂ ತಿಳಿಯುತ್ತಿರಲಿಲ್ಲ. ಅವನಿಗೆ ಢಿಕ್ಕಿ ಹೊಡೆದು ಎದ್ದವರು ಒಂದು ಗಳಿಗೆ ತಮ್ಮ ಊರಿನ ಹೆಸರಿಗಾಗಿ ತಡಕಾಡುತ್ತಿದ್ದರು. ಒಂಬತ್ತು ವರ್ಷದಲ್ಲಿ ಅವನು ಒಂದು ಆಟವನ್ನೂ ತಪ್ಪಿಸಿರಲಿಲ್ಲ, ಒಂದು ಡೌನನ್ನೂ ಬಿಟ್ಟಿರಲಿಲ್ಲ.

ಆಟ ಸರಳ. ನಾಲ್ಕು ಅವಕಾಶ, ಅಂದರೆ ನಾಲ್ಕು ಡೌನ್. ಅಷ್ಟರಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು. ಮೂರನೆಯದಕ್ಕೆ ಬಂದಾಗಲೂ ದೂರ ಉಳಿದಿದ್ದರೆ ಎದುರಾಳಿ ಓಡುವುದಿಲ್ಲ, ಚೆಂಡು ಎಸೆಯುತ್ತಾನೆ. ಅದು ಮೇಲೆ ಕೂತು ಕಡಲೆಕಾಯಿ ಮಾರುವವನಿಗೂ ಗೊತ್ತು. ಎಸೆಯುವುದು ಗೊತ್ತಿದ್ದ ಮೇಲೆ ಗುದ್ದುವ ಗೂಳಿ ಯಾಕೆ ಬೇಕು, ಅಟ್ಟಿಸಿಕೊಂಡು ಹೋಗುವ ಚಿಗರೆ ಬೇಕು. ಹಾಗಾಗಿ ದಪ್ಪನವರನ್ನು ಕರೆದು ಸಪೂರದವರನ್ನು ಬಿಡುತ್ತಾರೆ. ಹೀಗೆ ಹೊತ್ತಿಗೆ ತಕ್ಕಂತೆ ಬದಲಾಯಿಸುವ ಗುಂಪಿಗೆ ಪ್ಯಾಕೇಜ್ ಎನ್ನುತ್ತಾರೆ, ಒಂದೊಂದಕ್ಕೆ ಒಂದೊಂದು ಚಿಲ್ಲರೆ ಕಾಸಿನ ಹೆಸರು. ಒಬ್ಬ ಸಪೂರದವನು ಹೆಚ್ಚಿಗೆ ಬಂದರೆ ನಿಕಲ್, ಇಬ್ಬರು ಬಂದರೆ ಡೈಮ್. ಸಿಡ್‌ನನ್ನು ಆವತ್ತು ಕರೆದದ್ದು ಡೈಮ್‌ಗಾಗಿ. ಕ್ರೀಡಾಂಗಣದಲ್ಲಿ ಜನರೆಲ್ಲ ಎದ್ದು ನಿಂತು ಕೂಗುವುದು ಮೂರನೇ ಡೌನಿಗೆ. ಆ ಕೂಗಿನ ನಡುವೆ ನಿಲ್ಲುವುದಕ್ಕಾಗಿಯೇ ಸಿಡ್ ಬೆಳಗ್ಗೆ ಏಳುತ್ತಿದ್ದದ್ದು. ಅದನ್ನು ಬಿಟ್ಟರೆ ಬದುಕಿನಲ್ಲಿ ಬೇರೆ ಏನು ಬೇಕೆಂದು ಅವನು ಯಾವತ್ತೂ ಯೋಚಿಸಿರಲಿಲ್ಲ.

ಡಿಫೆನ್ಸ್, ಅಂದರೆ ಎದುರಾಳಿಯನ್ನು ತಡೆಯುವ ಹನ್ನೊಂದು ಮಂದಿಯನ್ನು ನಡೆಸುತ್ತಿದ್ದ ಕೋಚ್ ಬ್ರೆನ್ನನ್ ಹೇಲ್ ಸಿಡ್‌ಗಿಂತ ಮೂರೇ ವರ್ಷಕ್ಕೆ ದೊಡ್ಡವನು. ನಯವಾದ ಮಾತು, ಎಣ್ಣೆ ಹಚ್ಚಿದ ಬಾಗಿಲಿನ ಹಾಗೆ. ಭುಜದ ಕವಚದೊಳಗೆ ಇಟ್ಟಿರುವ ಎಲೆಕ್ಟ್ರಾನಿಕ್ ಚಿಪ್ ಯಾರು ಎಷ್ಟು ವೇಗ ಓಡಿದರೆಂದು ಹೇಳಿಬಿಡುತ್ತದೆ. ಹೇಲ್ ಆ ಲೆಕ್ಕವನ್ನು ಪರದೆಯ ಮೇಲೆ ಬಿಟ್ಟು ಸಿಡ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡ.

"ನಿನ್ನ ತಪ್ಪೇನೂ ಇಲ್ಲ ಸಿಡ್. ಆಟ ಬದಲಾಗಿದೆ, ಅಷ್ಟೇ. ಎಲ್ಲೋ ಐದಾರು ಸಲ ಹೊರಗೆ ಬರ್ತೀಯ. ಕಾಲಿಗೂ ಸ್ವಲ್ಪ ರೆಸ್ಟ್ ಸಿಗತ್ತೆ."

"ನನ್ನ ಕಾಲು ರೆಸ್ಟ್ ಕೇಳಿಲ್ಲ ಕೋಚ್."

"ಡಿಸೆಂಬರಿಗೆ ನಿನ್ನ ಉಳಿಸ್ಕೋಬೇಕಲ್ಲಪ್ಪ ನಾನು. ನೀನು ನಮ್ಮ ಹೃದಯ."

ಹೃದಯವನ್ನು ಯಾರೂ ಮೂರನೇ ಡೌನಿಗೆ ಹೊರಗೆ ತೆಗೆಯುವುದಿಲ್ಲ. ಆದರೆ ಸಿಡ್‌ಗೆ ಆ ಉತ್ತರ ಹೊಳೆದದ್ದು ಕಾರು ನಿಲ್ಲಿಸಿದ ಜಾಗಕ್ಕೆ ಬಂದ ಮೇಲೆ. ಹೇಲ್ ಮೂಗಿಗೆ ತುಪ್ಪ ಸವರಿ ಕಳಿಸಿದ್ದ.

ಲೈನ್‌ಬ್ಯಾಕರ್‌ಗಳನ್ನು ತಿದ್ದುವ ಪ್ರೊಕಾಪ್ ತುಪ್ಪ ಸವರುವವನಲ್ಲ. ಅವನ ಎರಡೂ ಮಂಡಿ ಉಕ್ಕಿನವು, ನಡೆದರೆ ಹಳೇ ಮಂಚದ ಸದ್ದು.

"ನಾನೂ ಲೈನ್‌ಬ್ಯಾಕರ್ ಆಗಿದ್ದೋನು ಕಣಯ್ಯಾ" ಎಂದ. "ಮೊದಲು ಮೂರನೇ ಡೌನ್ ತಗೋತಾರೆ. ಆಮೇಲೆ ಎರಡನೇದು. ಆಮೇಲೆ ಲಾಕರ್ ಖಾಲಿ ಮಾಡು ಅಂತಾರೆ. ಅಳೋದಾದ್ರೆ ಮನೇಲಿ ಅಳು. ಇಲ್ಲಿ ಮಾತ್ರ ಬೇಡ."

"ನಾನ್ಯಾಕೆ ಅಳ್ಲಿ?"

"ಅದನ್ನೇ ನಾನೂ ಹೇಳಿದ್ದೆ" ಎಂದು ಮುದುಕ ಕುಂಟಿಕೊಂಡು ಹೋದ.

ಪ್ರತಿ ಸೋಮವಾರ ಲೂಯಿಸಿಯಾನಾದ ಒಪೆಲೂಸಸ್‌ನಿಂದ ತಾಯಿ ಎರ್ಲೀನಳ ಫೋನು. ಹಿಂದಿನ ದಿನದ ಆಟವನ್ನು ಅವಳು ಅಡುಗೆಮನೆಯ ಟಿವಿಯಲ್ಲಿ ನೋಡಿರುತ್ತಾಳೆ, ಗಂಬೋ ಸಾರು ತಿರುವುವ ಸೌಟು ಕೈಯಲ್ಲಿ ಹಿಡಿದುಕೊಂಡೇ.

"ಅಲ್ಲಾ ಕಣೋ, ಆಟ ಕಾವೇರೋ ಹೊತ್ತಿಗೆ ಸರಿಯಾಗಿ ಎದ್ದು ಹೋಗ್ತೀಯಲ್ಲ, ಎಲ್ಲಿಗೆ ಹೋಗ್ತೀಯ? ಉಚ್ಚೆಗೇನೋ?"

"ಅಮ್ಮಾ!"

"ಮತ್ತೆ? ನಿಮ್ಮ ಚಿಕ್ಕಮ್ಮ ಕೇಳಿದ್ಲು, ನಾನು ಹಂಗೇ ಹೇಳ್ದೆ."

"ಎಸೆಯೋ ಹೊತ್ತಿಗೆ ಚುರುಕು ಹುಡುಗ್ರು ಬೇಕಂತೆ ಅಮ್ಮಾ. ಅದಕ್ಕೆ."

"ಹಂಗಾದ್ರೆ ನೀನೇನು, ಅಕ್ಕಿ ಮೂಟೆನಾ? ನೀನು ಏಳನೇ ಕ್ಲಾಸಲ್ಲಿ ಫಾದರ್ ತೆಬೋ ಅವರ ಹಂದಿ ಅಟ್ಟಿಸ್ಕೊಂಡು ಹೋಗಿ ಹಿಡ್ದಿದ್ದೆ. ಹೇಳು ಅವ್ರಿಗೆ."

"ಹೇಳ್ತೀನಿ ಅಮ್ಮಾ."

ಹೇಳುವುದು ಎಲ್ಲಿಂದ ಬಂತು. ಅವನು ಬೇರೊಂದು ದಾರಿ ಹಿಡಿದ, ಅವನ ಕಸುಬಿನವರು ಮಾತ್ರ ಹಿಡಿಯುವ ದಾರಿ. ಭಾರ ಇಳಿಸಿದರೆ ಕಾಲು ಚುರುಕಾಗುತ್ತದೆ, ಚುರುಕಾದರೆ ಡೈಮ್‌ನಲ್ಲೂ ಇಟ್ಟುಕೊಳ್ಳುತ್ತಾರೆ ಎಂಬ ಲೆಕ್ಕ. ಅಮ್ಮ ಮಂಜುಗಡ್ಡೆಯಲ್ಲಿಟ್ಟು ಕಳಿಸುತ್ತಿದ್ದ ಬೂದಾನ್, ಅಂದರೆ ಅನ್ನ ತುಂಬಿದ ಹಂದಿ ಸಾಸೇಜು, ಅದನ್ನೆಲ್ಲ ತಂಡದ ಹುಡುಗರಿಗೆ ಹಂಚಿಬಿಟ್ಟ. ಅನ್ನ ಬಿಟ್ಟ, ಬ್ರೆಡ್ಡು ಬಿಟ್ಟ, ಬೇಯಿಸಿದ ಕೋಳಿಯ ಎದೆ ಮತ್ತು ಸೊಪ್ಪು ತಿಂದುಕೊಂಡು ಬೆಳಗಿನ ಚಳಿಯಲ್ಲಿ ಮೌಮೀ ನದಿಯ ದಂಡೆಯ ಮೇಲೆ ಓಡಿದ. ಮುಖ ಇಳಿಯಿತು, ಉಂಗುರ ಸಡಿಲವಾಯಿತು. ಚಿಪ್ ನೋಡಿದರೆ ವೇಗ ಕೂದಲೆಳೆಯಷ್ಟು ಹೆಚ್ಚಾಗಿತ್ತು. ಹೇಲ್ ಪರದೆಯತ್ತ ನೋಡಿ, "ಒಳ್ಳೇದು, ಒಳ್ಳೇದು" ಎಂದ. ಡೈಮ್‌ಗೆ ಸೇರಿಸಿಕೊಳ್ಳಲಿಲ್ಲ.

ಇತ್ತ ಭಾರ ಇಳಿದದ್ದು ಎದುರಾಳಿಗಳಿಗೆ ಬೇಗ ಗೊತ್ತಾಯಿತು. ಮುಂದಿನ ಸಾಲಿನ ಮುನ್ನೂರು ಪೌಂಡಿನ ದೈತ್ಯರು ಮೊದಲು ಅವನ ಎದೆಗೆ ಬಡಿದು ತಾವೇ ನಿಲ್ಲುತ್ತಿದ್ದರು. ಈಗ ಅವನನ್ನು ಕುರ್ಚಿ ಸರಿಸಿದ ಹಾಗೆ ಸರಿಸಿ ಓಟಗಾರನಿಗೆ ದಾರಿ ಮಾಡಿಕೊಡತೊಡಗಿದರು. ಎರಡು ಆಟ ಹೀಗಾದ ಮೇಲೆ ನಿಕಲ್‌ನಿಂದಲೂ ಅವನನ್ನು ತೆಗೆದರು. ಈಗಿನ ತಂಡಗಳು ಅರ್ಧಕ್ಕಿಂತ ಹೆಚ್ಚು ಹೊತ್ತು ಎಸೆಯುವ ಸಿದ್ಧತೆಯಲ್ಲೇ ನಿಲ್ಲುವುದರಿಂದ ಫೆರಿಮೆನ್ ಕೂಡ ಬಹಳ ಹೊತ್ತು ನಿಕಲ್‌ನಲ್ಲೇ ಇರುತ್ತಿದ್ದರು. ಎದುರಾಳಿ ದಪ್ಪನವರನ್ನು ಇಳಿಸಿದಾಗ ಮಾತ್ರ ಸಿಡ್‌ಗೆ ಕರೆ. ಅವನು ಮತ್ತೆ ಅನ್ನಕ್ಕೆ ಕೂತ. ಆದರೆ ಹೋದ ಭಾರ ಸ್ನಾಯುವಿನದು, ಬಂದ ಭಾರ ಹೊಟ್ಟೆಯದು. ಓಡುವುದಕ್ಕೂ ಇಲ್ಲ, ಗುದ್ದುವುದಕ್ಕೂ ಇಲ್ಲ ಎಂಬಂತಾಯಿತು. ಇದು ಅವನು ತನ್ನ ಕೈಯಾರೆ ಮಾಡಿಕೊಂಡದ್ದು, ಬಯ್ಯಲಿಕ್ಕೆ ಇನ್ನೊಬ್ಬರಿರಲಿಲ್ಲ.

ಅದರ ಹಿಂದೆಯೇ ಚುಕ್ಕೆ ಹೋಯಿತು. ಡಿಫೆನ್ಸಿನಲ್ಲಿ ಒಬ್ಬನ ಹೆಲ್ಮೆಟ್ಟಿನಲ್ಲಿ ಮಾತ್ರ ಸಣ್ಣ ಸ್ಪೀಕರ್ ಇರುತ್ತದೆ. ಹೇಲ್ ಆಚೆಯಿಂದ ಹೇಳಿದ್ದು ಅವನ ಕಿವಿಗೆ ಬೀಳುತ್ತದೆ, ಅವನು ಉಳಿದ ಹತ್ತು ಮಂದಿಗೆ ಕೂಗಿ ಹೇಳುತ್ತಾನೆ. ಆ ಹೆಲ್ಮೆಟ್ಟಿನ ಹಿಂಭಾಗಕ್ಕೆ ಗುರುತಿಗೆ ಹಸಿರು ಚುಕ್ಕೆ. ಏಳು ವರ್ಷದಿಂದ ಅದು ಸಿಡ್‌ನದು. ಹೊರಗೆ ಕೂರುವವನಿಗೆ ಅದು ಯಾಕೆ? ಸಾಮಾನು ನೋಡಿಕೊಳ್ಳುವವನು ಉಗುರಿನಿಂದ ಕೆರೆದು ಚುಕ್ಕೆ ತೆಗೆದ. ಯಾವ ಡೌನಿಗೂ ಹೊರಗೆ ಬಾರದ, ಹಿಂದಿನ ಸಾಲಿನ ಲೂಷನ್ ಟೇಟ್‌ಗೆ ಅದನ್ನು ಕೊಟ್ಟರು. ಟೇಟ್ ಒಳ್ಳೆಯವನು. ಒಂದು ವಾರ ಸಿಡ್‌ನ ಎದುರಿಗೆ ಹೆಲ್ಮೆಟ್ ಹಾಕಿಕೊಳ್ಳುವಾಗ ಚುಕ್ಕೆ ಕಾಣದಿರಲಿ ಎಂದು ಬೆನ್ನು ತಿರುಗಿಸಲಿಲ್ಲ.

ಕೀಯಾನ್ ಪೆಟಿಗ್ರೂ ಮೇಲೆ ಹೊಟ್ಟೆ ಉರಿಯಲಿಲ್ಲವೇ ಎಂದರೆ, ಉರಿಯಿತು. ಧಗಧಗ ಉರಿಯಿತು. ಆ ಹುಡುಗ ಬಿದ್ದು ಕಾಲು ಉಳುಕಿಸಿಕೊಳ್ಳಲಿ ಎಂದು ಸಿಡ್ ಒಂದು ಭಾನುವಾರ ಪೂರ್ತಿ ದೇವರಲ್ಲಿ ಬೇಡಿಕೊಂಡ. ತೊಂದರೆ ಏನೆಂದರೆ ಹುಡುಗ ಅವನನ್ನೇ ಹುಡುಕಿಕೊಂಡು ಬರುತ್ತಿದ್ದ, ಊಟದ ತಟ್ಟೆ ಹಿಡಿದುಕೊಂಡು.

"ಅಣ್ಣಾ, ಒಂದ್ ಮಾತು. ಅವರ ಬ್ಯಾಕ್ ಯಾವಾಗ ಹೊರಗಡೆ ಓಡ್ತಾನೆ ಅಂತ ನಿಂಗೆ ಮೊದಲೇ ಹೆಂಗೆ ಗೊತ್ತಾಗತ್ತೆ?"

"ಗೊತ್ತಾಗತ್ತೆ. ಹೋಗು."

"ಹೇಳಣ್ಣ. ನೀನು ಹೇಳ್ದಿದ್ರೆ ನಾನು ಮರ್ಯಾದೆ ಕಳ್ಕೋತೀನಿ. ನಮ್ಮಪ್ಪ ಟಿವಿ ಮುಂದೆ ಕೂತಿರ್ತಾನೆ."

"ನಮ್ಮಮ್ಮನೂ ಕೂತಿರ್ತಾಳೆ."

"ಹಂಗಾದ್ರೆ ಇಬ್ರಿಗೂ ಒಳ್ಳೇದಾಗ್ಲಿ ಅಂತ ಹೇಳು."

ಸಿಡ್ ನಕ್ಕುಬಿಟ್ಟ. ಹೇಳಿಯೂಬಿಟ್ಟ. ಬ್ಯಾಕ್, ಅಂದರೆ ಅವರ ಓಟಗಾರ, ನಮ್ಮವರನ್ನು ತಡೆಯಲು ನಿಂತಿದ್ದರೆ ಭಾರ ಎರಡೂ ಪಾದದ ಮೇಲಿರುತ್ತದೆ, ಎಸೆತ ಹಿಡಿಯಲು ಓಡುವವನಿದ್ದರೆ ಒಳಗಿನ ಹಿಮ್ಮಡಿ ತುಸು ಎತ್ತಿರುತ್ತಾನೆ. ಒಂಬತ್ತು ವರ್ಷ ಕೂಡಿಸಿದ್ದನ್ನು ಒಂದು ತಟ್ಟೆ ಊಟ ಮುಗಿಯುವಷ್ಟರಲ್ಲಿ ಕೊಟ್ಟ. ಬೇರೆ ವಿಷಯದಲ್ಲಿ ಅವನು ಸುಳ್ಳು ಹೇಳಬಲ್ಲ, ಆಟದ ವಿಷಯದಲ್ಲಿ ಅವನ ಬಾಯಿ ಅವನ ಮಾತು ಕೇಳುತ್ತಿರಲಿಲ್ಲ. ಮುಂದಿನ ಭಾನುವಾರ ಹುಡುಗ ಹಿಮ್ಮಡಿ ನೋಡಿ ಮೊದಲೇ ಓಡಿದ, ಚೆಂಡು ಕಸಿದ. ಹೊರಗೆ ಕೂತಿದ್ದ ಸಿಡ್‌ನ ಕಡೆಗೆ ಬೆರಳು ತೋರಿಸಿ ಎದೆ ಬಡಿದುಕೊಂಡ. ಎಲ್ಲರೂ ಸಿಡ್‌ನ ಬೆನ್ನು ತಟ್ಟಿದರು. ತಟ್ಟಿದ ಜಾಗ ಉರಿಯಿತು.

ಡಿಸೆಂಬರ್ ಬಂತು. ಹೇಲ್ ಯಾವುದಕ್ಕಾಗಿ ಅವನನ್ನು ಉಳಿಸಿಕೊಳ್ಳುತ್ತೇನೆಂದಿದ್ದನೋ ಆ ಡಿಸೆಂಬರ್. ಸರೋವರದ ಕಡೆಯಿಂದ ಗಾಳಿ, ಗಾಳಿಯ ಜೊತೆ ಹಿಮದ ಪುಡಿ. ಒಮಾಹಾದ ತಂಡ ಬಂದಿತ್ತು. ಗೆದ್ದರೆ ಮುಂದಿನ ಸುತ್ತು, ಸೋತರೆ ಎಲ್ಲರೂ ಮನೆಗೆ. ಸಿಡ್ ಮೇಲಂಗಿ ಹೊದ್ದು ಬೆಂಚಿನ ಮೇಲೆ ಕೂತು ಬಿಸಿಗಾಳಿಯ ಕೊಳವೆಗೆ ಕಾಲೊಡ್ಡಿದ್ದ. ಕಾಲು ತಣ್ಣಗಾದರೆ ಕರೆದಾಗ ಓಡಲಾಗುವುದಿಲ್ಲ ಎಂದು ಹಾಗೆ. ಕರೆದದ್ದು ಕಡಿಮೆ.

ಕೊನೆಯ ಕಾಲುಭಾಗದಲ್ಲಿ ಫೆರಿಮೆನ್ ನಾಲ್ಕು ಅಂಕ ಮುಂದಿದ್ದಾಗ ಒಮಾಹಾದವರು ದಪ್ಪನವರನ್ನು ಇಳಿಸಿದರು. "ಸಿಡ್!" ಎಂದ ಪ್ರೊಕಾಪ್. ಸಿಡ್ ಮೇಲಂಗಿ ಕಿತ್ತೊಗೆದು ಓಡಿದ. ಮೊದಲ ಡೌನಿಗೆ ಅವರ ಓಟಗಾರ ಎರಡು ಗಜ ಕಿತ್ತುಕೊಂಡ. ಎರಡನೆಯದಕ್ಕೆ ಸಿಡ್ ಸಂದಿನಲ್ಲಿ ನುಗ್ಗಿ ಅವನನ್ನು ಎತ್ತಿ ನೆಲಕ್ಕೆ ಹಾಕಿದ. ಒಂದಿಂಚೂ ಇಲ್ಲ. ಸದ್ದು ಮೇಲಿನ ಸಾಲಿಗೂ ಕೇಳಿಸಿತು. ಜನ ಎದ್ದು ನಿಂತರು. ಮೂರನೇ ಡೌನ್, ಇನ್ನೂ ಎಂಟು ಗಜ.

ಸಿಡ್ ಅಭ್ಯಾಸದಂತೆ ಹೊರಗೆ ಓಡಲು ತಿರುಗಿದ. ಕೀಯಾನ್ ಗೆರೆಯ ಅಂಚಿನಲ್ಲಿ ಒಂದು ಕಾಲು ಎತ್ತಿ ನಿಂತಿದ್ದ. ಆದರೆ ಒಮಾಹಾದವರು ಗುಂಪುಗೂಡಲೇ ಇಲ್ಲ, ಯಾರನ್ನೂ ಬದಲಾಯಿಸಲಿಲ್ಲ, ಓಡೋಡಿ ಬಂದು ಚೆಂಡಿನ ಎದುರು ನಿಂತುಬಿಟ್ಟರು. ಅವರು ಬದಲಾಯಿಸದಿದ್ದರೆ ಇವರಿಗೂ ಹೊತ್ತು ಸಿಗುವುದಿಲ್ಲ. ಹೇಲ್ ಕೀಯಾನ್‌ನ ಅಂಗಿ ಹಿಡಿದು ಹಿಂದಕ್ಕೆಳೆದ. "ಇರು! ಸಿಡ್ ಅಲ್ಲೇ ಇರು!" ಎಂದು ಯಾರೋ ಕೂಗಿದರು.

ಮೂರನೇ ಡೌನ್, ಮತ್ತು ಸಿಡ್ ಗಿಲ್ರಿ ಒಳಗೆ! ಎಷ್ಟೋ ವಾರದ ಮೇಲೆ ಆ ಕೂಗು ನಾಲ್ಕೂ ಕಡೆಯಿಂದ ಅವನ ಮೇಲೆ ಸುರಿಯಿತು. ಅವನ ಎದೆ ಉಬ್ಬಿತು. ಹೆಲ್ಮೆಟ್ಟಿನೊಳಗೆ ಅವನು ಹಲ್ಲು ಕಿರಿದು ನಗುತ್ತಿದ್ದ.

ಆಗ ಒಮಾಹಾದ ಕ್ವಾರ್ಟರ್‌ಬ್ಯಾಕ್, ಚೆಂಡು ಎಸೆಯುವವನು, ಕೈ ಎತ್ತಿ ನೇರವಾಗಿ ಅವನ ಕಡೆಗೆ ತೋರಿಸಿದ. "ಐವತ್ನಾಲ್ಕು ಇಲ್ಲೇ ಇದಾನೆ! ಐವತ್ನಾಲ್ಕು ಇಲ್ಲೇ ಇದಾನೆ!" ಐವತ್ತನಾಲ್ಕು ಸಿಡ್‌ನ ಅಂಗಿಯ ಸಂಖ್ಯೆ. ಅವರ ಬ್ಯಾಕ್ ನಡುವಿನಿಂದ ಹೊರಟು ಮೈದಾನದ ಪಕ್ಕದ ಅಂಚಿಗೆ ಹೋಗಿ ನಿಂತ. ಅವನನ್ನು ಕಾಯುವುದು ಸಿಡ್‌ನ ಪಾಲಿಗೆ ಬಂತು. ಹಿಂದೆ ಮುಂದೆ ಯಾರೂ ಇಲ್ಲದ ಬಯಲಿನಲ್ಲಿ ಸಿಡ್ ಒಬ್ಬನೇ ಆ ಬ್ಯಾಕ್‌ನ ಎದುರು ನಿಂತ. ಆಗ ಅವನಿಗೆ ತಿಳಿಯಿತು. ಇವರು ಆತುರಪಟ್ಟದ್ದು ಅವನಿಗಾಗಿ. ಅವನು ಹೊರಗೆ ಹೋಗದಿರಲಿ ಎಂದು. ಇಡೀ ಊರಿನಲ್ಲಿ ಮೂರನೇ ಡೌನಿಗೆ ಸಿಡ್ ಒಳಗಿರಬೇಕೆಂದು ಬಯಸಿದವರು ಒಮಾಹಾದವರು ಮಾತ್ರ.

ಬ್ಯಾಕ್‌ನ ಹಿಮ್ಮಡಿ ಎತ್ತಿದ್ದು ಸಿಡ್‌ಗೆ ಕಂಡಿತು. ಎಲ್ಲಿಗೆ ಓಡುತ್ತಾನೆಂದು ಗೊತ್ತು, ಯಾವಾಗ ತಿರುಗುತ್ತಾನೆಂದು ಗೊತ್ತು. ಎಲ್ಲ ಗೊತ್ತಿದ್ದೂ ಅವನು ಎರಡು ಮಾರು ಹಿಂದೆ ಬಿದ್ದ. ಚೆಂಡು ಅವನ ಬೆರಳ ತುದಿಯ ಮೇಲಿನಿಂದ ಹೋಯಿತು. ಇಪ್ಪತ್ತು ಗಜ. ಮತ್ತೆ ಓಡೋಡಿ ಬಂದು ನಿಂತರು, ಮತ್ತೆ "ಐವತ್ನಾಲ್ಕು!", ಮತ್ತೆ ಅವನ ಮೇಲೆಯೇ ಎಸೆತ. ಈ ಸಲ ಹದಿನೈದು. ಮೇಲಿನಿಂದ ಯಾರೋ, "ಅಜ್ಜನ್ನ ಮನೆಗ್ ಕಳ್ಸ್ರೋ!" ಎಂದು ಕೂಗಿದ. ನಗು ಎದ್ದಿತು. ಇನ್ನೆರಡು ಸಲ ಹೀಗಾದರೆ ಆಟ ಕೈಬಿಟ್ಟು ಹೋಗುತ್ತಿತ್ತು.

ಹಿಂದಿನ ಸಾಲಿನಿಂದ ಟೇಟ್ ಓಡಿಬಂದ. ಅವನ ಕಿವಿಯಲ್ಲಿ ಹೇಲ್ ಮಾತಾಡುತ್ತಿದ್ದ. ಟೇಟ್ ಸಿಡ್‌ನ ಮುಖ ನೋಡದೆ ಅವನ ಭುಜ ನೋಡಿದ.

"ಬಿದ್ಬಿಡು ಅಂತಿದಾರೆ."

"ಏನು?"

"ಕೆಳಗೆ ಬಿದ್ಬಿಡು. ಮಂಡಿ ಹಿಡ್ಕೋ. ಆಟ ನಿಲ್ಲತ್ತೆ, ಕೀಯಾನ್ ಒಳಗೆ ಬರ್ತಾನೆ." ಟೇಟ್ ಗೆರೆಯಾಚೆಗೆ ಗಲ್ಲ ತೋರಿಸಿದ. "ನಾನು ಹೇಳ್ತಿರೋದಲ್ಲ ಅಣ್ಣಾ. ಅವರು ಹೇಳ್ತಿರೋದು."

ಸಿಡ್ ಗೆರೆಯಾಚೆ ನೋಡಿದ. ಹೇಲ್ ಅಂಗೈ ಕೆಳಗೆ ಮಾಡಿ ನೆಲದ ಕಡೆಗೆ ಒತ್ತುತ್ತಿದ್ದ, ನಾಯಿಗೆ ಕೂರು ಎನ್ನುವ ಹಾಗೆ. ಪ್ರೊಕಾಪ್ ಬೇರೆ ಕಡೆಗೆ ಮುಖ ಮಾಡಿಕೊಂಡಿದ್ದ. ಒಮಾಹಾದವರು ಚೆಂಡಿನ ಎದುರು ಬಗ್ಗುತ್ತಿದ್ದರು. ಒಂಬತ್ತು ವರ್ಷದಲ್ಲಿ ಅವನು ತಾನಾಗಿ ನೆಲಕ್ಕೆ ಬಿದ್ದವನಲ್ಲ. ಪಕ್ಕೆಲುಬು ಮುರಿದಾಗಲೂ ನಿಂತೇ ಇದ್ದ. ಈಗ ತಂಡಕ್ಕೆ ಅವನಿಂದ ಆಗಬೇಕಾದ ಉಪಕಾರ ಅದೊಂದೇ ಆಗಿತ್ತು.

ಅವನು ಬಲಮಂಡಿ ಹಿಡಿದುಕೊಂಡು ಬಿದ್ದ.

ಸೀಟಿ ಊದಿದರು. ಕೂಗು ಒಮ್ಮೆಲೇ ಆರಿತು. ಯಾರಾದರೂ ಪೆಟ್ಟುಬಿದ್ದು ಮಲಗಿದರೆ ಉಳಿದವರು ಒಂದು ಮಂಡಿಯೂರಿ ಕೂರುವುದು ಪದ್ಧತಿ, ಎರಡೂ ತಂಡದವರು ಹಾಗೆ ಕೂತರು. ಸಿಡ್ ಒಮ್ಮೆಯೂ ಹೀಗೆ ಮಲಗಿದವನಲ್ಲ ಎಂದು ಊರಿಗೆಲ್ಲ ಗೊತ್ತಿದ್ದರಿಂದ ಪೆಟ್ಟು ದೊಡ್ಡದೇ ಇರಬೇಕೆಂದು ಜನ ತಿಳಿದರು. ಅಜ್ಜನನ್ನು ಮನೆಗೆ ಕಳಿಸಿ ಎಂದವನೂ ಟೋಪಿ ತೆಗೆದಿದ್ದನೋ ಏನೋ. ಇಬ್ಬರು ಸಹಾಯಕರು ಎತ್ತಿ ನಿಲ್ಲಿಸಿ ನಡೆಸಿಕೊಂಡು ಹೊರಟಾಗ ಇಡೀ ಕ್ರೀಡಾಂಗಣ ಎದ್ದು ಚಪ್ಪಾಳೆ ತಟ್ಟಿತು. ಅವನಿಗೆ ಅಷ್ಟು ದೊಡ್ಡ ಚಪ್ಪಾಳೆ ಯಾವತ್ತೂ ಸಿಕ್ಕಿರಲಿಲ್ಲ. ಒಮಾಹಾದ ಆ ಕ್ವಾರ್ಟರ್‌ಬ್ಯಾಕ್ ಬಂದು ಬೆನ್ನು ಸವರಿ, "ಬೇಗ ಹುಷಾರಾಗು ಗುರುವೇ" ಎಂದ. ಕೀಯಾನ್ ಎದುರಾಗಿ ಓಡುತ್ತಾ ಬಂದವನು ಗಕ್ಕನೆ ನಿಂತ. ಹುಡುಗನ ಕಣ್ಣಲ್ಲಿ ನೀರಿತ್ತು. ಅವನಿಗೆ ಯಾರೂ ಹೇಳಿರಲಿಲ್ಲ.

"ಅಣ್ಣಾ, ಮಂಡಿ ಹೋಯ್ತಾ?"

"ಒಳಗೆ ಹೋಗು" ಎಂದ ಸಿಡ್. "ಹಿಮ್ಮಡಿ ನೋಡು."

ಗೆರೆಯ ಪಕ್ಕದಲ್ಲಿ ಪೆಟ್ಟು ಪರೀಕ್ಷೆಗೆಂದೇ ಹಾಕಿದ ನೀಲಿ ಗುಡಾರ. ಒಳಗೆ ಒಂದು ಎತ್ತರದ ಮಂಚ. ಸಿಡ್‌ನನ್ನು ಕೂರಿಸಿ ಜಿಪ್ಪು ಎಳೆದರು. ಡಾಕ್ಟರ್ ಹಾಲ್ವರ್‌ಸನ್ ಬೂದುಬಣ್ಣದ ಮೀಸೆಯ ಸಾವಧಾನದ ಮನುಷ್ಯ. ಅವರಿಗೂ ಯಾರೂ ಏನೂ ಹೇಳಿರಲಿಲ್ಲ. ಅವರು ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಮಂಡಿ ಹಿಡಿದರು. ಮಡಚಿದರು, ಚಾಚಿದರು, ಪಕ್ಕಕ್ಕೆ ಒತ್ತಿದರು.

"ಎಲ್ಲಿ ನೋವು?"

"ಒಳಗೆ."

"ಇಲ್ಲೇನಾ?"

"ಇನ್ನೂ ಒಳಗೆ."

ಹೊರಗೆ ಭೂಮಿ ಅದುರುವ ಹಾಗೆ ಕೂಗು ಎದ್ದಿತು. ಗುಡಾರದ ಬಟ್ಟೆ ನಡುಗಿತು. ಅದು ಒಮಾಹಾದವರ ಕೂಗಲ್ಲ, ಊರಿನವರದು. ಹುಡುಗ ಚೆಂಡು ಕಸಿದಿದ್ದ. ನೋಡದೆಯೂ ಸಿಡ್‌ಗೆ ಗೊತ್ತಾಯಿತು. ಆ ಗಳಿಗೆಯಲ್ಲಿ ಅವನಿಗೆ ಸಂತೋಷವಾಗಲಿಲ್ಲ. ಒಮಾಹಾದವರೇ ಗೆಲ್ಲಲಿ ಎಂದು ತನ್ನ ಎದೆಯ ಯಾವುದೋ ಮೂಲೆ ಕಾಯುತ್ತಿತ್ತೆಂಬುದು ತಿಳಿದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ನಮ್ಮವ್ರದೇ!" ಎಂದು ಡಾಕ್ಟರು ಕಿವಿಗೊಟ್ಟು ನಕ್ಕರು. "ಗೆದ್ವಿ ಅಂತ ಕಾಣತ್ತೆ. ನಿನಗೂ ಒಳ್ಳೇ ಸುದ್ದಿ. ಇದರಲ್ಲಿ ಏನೂ ಇಲ್ಲ."

"ಇನ್ನೊಂದ್ಸಲ ನೋಡಿ ಡಾಕ್ಟ್ರೇ."

ಡಾಕ್ಟರು ಇನ್ನೊಂದು ಸಲ ನೋಡಿದರು, ನಿಧಾನವಾಗಿ, ಕಣ್ಣು ಮುಚ್ಚಿಕೊಂಡು.

"ಏನೂ ಇಲ್ಲಪ್ಪ."

"ಸರಿಯಾಗಿ ನೋಡಿ. ಸಣ್ಣದೇನಾದ್ರೂ ಹರಿದಿರತ್ತೆ. ಏನಾದ್ರೂ ಇದ್ದೇ ಇರತ್ತೆ, ಇಲ್ದೆ ಹೆಂಗೆ?"

"ಸಿಡ್, ಈ ತಂಡದ ಇಪ್ಪತ್ತೆರಡು ವರ್ಷದ ಹುಡುಗ್ರಿಗೂ ಇಂಥ ಮಂಡಿ ಇಲ್ಲ. ಇದು ಇನ್ನೂ ಐದು ವರ್ಷ ಆರಾಮಾಗಿ ತಾಳತ್ತೆ. ಖುಷಿಪಡೋ ವಿಷಯ ಅಲ್ವೇನಯ್ಯಾ?" ಡಾಕ್ಟರು ಮಂಡಿಯ ಮೇಲೆ ಪ್ರೀತಿಯಿಂದ ತಟ್ಟಿ, ಹೊರಗೆ ಹೋಗಲು ಜಿಪ್ಪಿಗೆ ಕೈ ಹಾಕಿದರು.

ಸಿಡ್ ಮಂಚದಿಂದ ಇಳಿಯಲಿಲ್ಲ. ಎಡಗಾಲನ್ನು ಮುಂದಕ್ಕೆ ಚಾಚಿದ.

"ಹಂಗಾದ್ರೆ ಇದನ್ನಾದ್ರೂ ನೋಡಿ" ಎಂದ.